ಹೆಸರಿನ ಮುಂದೆ ಅಚ್ಚಾದದ್ದು

ಹರಿಹರ
೨೨ ಏಪ್ರಿಲ್ ೨೦೨೫

ಕಸ್ತೂರಮ್ಮನವರಿಗೆ ಪೂಜಾ ಮಾಡುವ ನಮಸ್ಕಾರಗಳು.

ಅತ್ತೆಯವರೇ ಎಂದು ಶುರು ಮಾಡಬೇಕೆಂದುಕೊಂಡೆ. ಆದರೆ ನಿಮ್ಮ ಮಗ ಬಕ್ಕೇಶ್ ಅವರಿಗೂ ನನಗೂ ಆಗಿರುವುದು ಬರೀ ನಿಶ್ಚಿತಾರ್ಥ. ಸದ್ಯಕ್ಕೆ ಹೆಸರೇ ಇರಲಿ. ಸೊಸೆಯಾಗಿ ಬರುವ ಹುಡುಗಿ ಹೀಗೆ ನೇರವಾಗಿ ಪತ್ರ ಬರೆಯುವುದು ನಮ್ಮ ಕಡೆ ಪದ್ಧತಿಯಲ್ಲ ಎಂದು ನನಗೂ ಗೊತ್ತು. ಎರಡು ಸಲ ಫೋನ್ ಮಾಡಿದೆ. "ದೊಡ್ಡೋರು ಮಾತಾಡೀವಿ, ನೀ ಯಾಕ ತಲೆ ಕೆಡಿಸ್ಕಂತೀಯ" ಎಂದು ಎರಡು ಸಲವೂ ಕಟ್ ಮಾಡಿದಿರಿ. ಪತ್ರವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಹರಿದು ಹಾಕಬಹುದು. ಹರಿಯುವ ಮುಂಚೆ ನಾಲ್ಕು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತವೆ.

ನಿನ್ನೆ ನಿಮ್ಮ ಕಡೆಯಿಂದ ಅಚ್ಚಾದ ಲಗ್ನಪತ್ರಿಕೆ ಮನೆಗೆ ಬಂತು. ಕಾಗದ ಚೆನ್ನಾಗಿದೆ, ಗಣಪತಿ ಚೆನ್ನಾಗಿದ್ದಾನೆ. ಆಮೇಲೆ ಚಿ. ಬಕ್ಕೇಶ್, ಬಿ.ಕಾಂ. ಎಂದಿದೆ. ಕೆಳಗೆ ನನ್ನ ಹೆಸರು: ಚಿ. ಕುಂ. ಸೌ. ಪೂಜಾ, ಎಂ.ಎಸ್ಸಿ. (ಗಣಿತ). ಅದರ ಕೆಳಗೆ ಮುಹೂರ್ತ: ಜೂನ್ ೬, ಶುಕ್ರವಾರ, ಬೆಳಿಗ್ಗೆ ಹನ್ನೊಂದೂವರೆ.

ಕಸ್ತೂರಮ್ಮನವರೇ, ಜೂನ್ ೬ರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನನಗೆ ಟೊಪಾಲಜಿ ಪರೀಕ್ಷೆ. ಕೊನೆಯ ಸೆಮಿಸ್ಟರು. ಅದನ್ನು ಬರೆಯದಿದ್ದರೆ ನಾನು ಎಂ.ಎಸ್ಸಿ. ಅಲ್ಲ. ಹಾಗಾದರೆ ಈ ಪತ್ರಿಕೆಯಲ್ಲಿರುವ ಹುಡುಗಿ ಯಾರು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕೇಳಿದ್ದೆ. ನೀವು ಕುಲಾವಿ ಹೊಲಿಸಿ, ಕೂಸು ಹುಟ್ಟುವುದೇ ಬೇಡ ಎನ್ನುತ್ತಿದ್ದೀರಿ.

ನಿಶ್ಚಿತಾರ್ಥದ ದಿನ ನಿಮ್ಮ ಮನೆಯವರೇ "ಓದು ಮುಗೀಲಿ, ಆಮೇಲೆ ಮದುವಿ" ಎಂದಿದ್ದರು. ಈಗ ನಮ್ಮಪ್ಪನಿಗೆ ಫೋನ್ ಮಾಡಿ, "ಪರೀಕ್ಷೆ ಮುಂದೆ ಯಾವಾಗರ ಬರೀಲಿ ಬಿಡ್ರಿ" ಎಂದಿದ್ದೀರಂತೆ. ಎರಡು ವರ್ಷ ದಿನಾ ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ನಿಂತುಕೊಂಡು ದಾವಣಗೆರೆಗೆ ಬಂದವಳು ನಾನು. ಯಾವಾಗರ ಬರೆಯಲು ಅಲ್ಲ.

ಮುಹೂರ್ತ ಬದಲಿಸಿ. ಕೇಳುವುದು ಅಷ್ಟೇ.

ಪೂಜಾ


ದಾವಣಗೆರೆ, ಎಂ.ಸಿ.ಸಿ. 'ಬಿ' ಬ್ಲಾಕ್
೨೪ ಏಪ್ರಿಲ್ ೨೦೨೫

ಶ್ರೀ ಕರಿಬಸವೇಶ್ವರ ಪ್ರಸನ್ನ

ಚಿ. ಪೂಜಾಳಿಗೆ ಆಶೀರ್ವಾದ.

ನಿಮ್ಮಪ್ಪನ ಹಾರ್ಡ್‌ವೇರ್ ಅಂಗಡಿಯ ಗೂಡ್ಸ್ ಆಟೋ ಓಡಿಸುವ ಮಕ್ತುಮ್ ಸಾಬ್ ನಿನ್ನೆ ಮಟಮಟ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದ. "ಜವಾಬು ಇಸ್ಕೊಂಡೇ ಬಾ ಅಂದಾಳ್ರಿ ಪೂಜವ್ವ" ಎಂದು ಕಟ್ಟೆಯ ಮೇಲೆ ಕೂತೇಬಿಟ್ಟ. ಬಿಸಿಲಲ್ಲಿ ಬಂದವನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ. ಜವಾಬು ಇವತ್ತು ಬರೆಯುತ್ತಿದ್ದೇನೆ, ಅದೂ ನೀನು ಹೇಳಿದ್ದಕ್ಕಲ್ಲ, ಸುಮ್ಮನಿದ್ದರೆ ನನಗೆ ಉತ್ತರ ಗೊತ್ತಿಲ್ಲ ಎಂದುಕೊಂಡೀಯ ಅಂತ.

ಏನು ಧೈರ್ಯ ತಾಯಿ ನಿನ್ನದು! ನಾನು ಈ ಮನೆಗೆ ಬಂದು ಮೂರು ವರ್ಷ ನಮ್ಮತ್ತೆಯ ಎದುರು ನಿಂತು ಮಾತಾಡಿರಲಿಲ್ಲ. ನೀನು ಬರುವ ಮುಂಚೆಯೇ ಕಾಗದದಲ್ಲಿ ಜಗಳಕ್ಕೆ ನಿಂತಿದ್ದೀಯ.

ಮುಹೂರ್ತ ನಾವು ಮಾಡಿದ್ದಲ್ಲ, ಗುರುಗಳು ಇಟ್ಟುಕೊಟ್ಟದ್ದು. ಅದು ತಪ್ಪಿದರೆ ಆಷಾಢ ಬರುತ್ತದೆ. ಪರೀಕ್ಷೆ ಆರು ತಿಂಗಳಿಗೊಮ್ಮೆ ಬರುತ್ತದೆ, ಬಸ್ಸಿನ ಹಾಗೆ. ಒಂದು ಹೋದರೆ ಇನ್ನೊಂದು. ಎಂ.ಎಸ್ಸಿ. ಎಂದು ಹಾಕಿಸಿದ್ದು ನಿನ್ನ ಗೌರವಕ್ಕೆ. ಓದುತ್ತಾ ಇರುವವರಿಗೂ ಎಲ್ಲರೂ ಹಾಕುತ್ತಾರೆ, ಯಾರೂ ಮಾರ್ಕ್ಸ್ ಕಾರ್ಡು ಕೇಳಿಕೊಂಡು ಊಟಕ್ಕೆ ಕೂರುವುದಿಲ್ಲ.

ಅಷ್ಟಕ್ಕೂ ಆ ಲೆಕ್ಕದಿಂದ ಏನಾಗಬೇಕಾಗಿದೆ? ನಿಶ್ಚಿತಾರ್ಥದ ದಿನ ನಾನು ಕೇಳಿದ್ದಕ್ಕೆ, ನಿಮ್ಮ ಟೊಪಾಲಜಿಯಲ್ಲಿ ಕೋಡುಬಳೆಯೂ ಹಿಡಿ ಇರುವ ಕಪ್ಪೂ ಒಂದೇ, ಎರಡರಲ್ಲೂ ಇರುವುದು ಒಂದೇ ತೂತು ಎಂದೆ. ನಮ್ಮ ಮನೆಯಲ್ಲಿ ಕೋಡುಬಳೆಯಲ್ಲಿ ಯಾರೂ ಚಾ ಕುಡಿಯುವುದಿಲ್ಲ. ನಮ್ಮ ಬಟ್ಟೆ ಅಂಗಡಿಯ ಲೆಕ್ಕ ಕಂಪ್ಯೂಟರು ನೋಡಿಕೊಳ್ಳುತ್ತದೆ.

ಬರುವ ಭಾನುವಾರ ಅಮಾವಾಸ್ಯೆ. ಉಕ್ಕಡಗಾತ್ರಿಗೆ ಹೋಗಿ ಮೊದಲ ಪತ್ರಿಕೆಯನ್ನು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯ ಮುಂದೆ ಇಟ್ಟು ಬರುತ್ತೇವೆ. ಅಲ್ಲಿಟ್ಟ ಮೇಲೆ ಒಂದಕ್ಷರವೂ ಬದಲಾಗುವುದಿಲ್ಲ, ತಿಳಿದಿರಲಿ.

ಕಸ್ತೂರಮ್ಮ


ಹರಿಹರ
೨೫ ಏಪ್ರಿಲ್ ೨೦೨೫

ಕಸ್ತೂರಮ್ಮನವರಿಗೆ ನಮಸ್ಕಾರಗಳು.

ಖಂಡಿತ ಇಡಿ. ಆದರೆ ಇಡುವ ಮುಂಚೆ ಒಂದು ಕೆಲಸ ಮಾಡಿ. ನಮ್ಮ ಮನೆಯ ಪದ್ಧತಿಯಲ್ಲಿ ಮೊದಲ ಪತ್ರಿಕೆಯನ್ನು ಸುಮ್ಮನೆ ಇಡುವುದಿಲ್ಲ. ಅರಿಶಿನ ಹಚ್ಚಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿ, "ಇದರಾಗಿರೋದೆಲ್ಲ ಖರೆ ಐತಪ್ಪಾ, ನಡೆಸಿಕೊಡು" ಎಂದು ಇಡುತ್ತಾರೆ. ನಿಮ್ಮಲ್ಲಿಯೂ ಅದೇ ಪದ್ಧತಿ ಎಂದು ನಮ್ಮಪ್ಪ ಹೇಳಿದರು. ನಮ್ಮಪ್ಪನಿಗೆ ಅಜ್ಜಯ್ಯನ ಹೆಸರೇ ಇಟ್ಟಿದ್ದಾರೆ, ಕರಿಬಸವರಾಜ. ಅವರು ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ಹಾಗಾದರೆ ಅಜ್ಜಯ್ಯನ ಮುಂದೆ ನಿಂತು ಏನೆಂದು ಓದುತ್ತೀರಿ? ಗಣಿತದಲ್ಲಿ ನಾವು ಒಂದು ಉಪಾಯ ಮಾಡುತ್ತೇವೆ. ಎದುರಿನವರ ಮಾತು ಸುಳ್ಳೆನಿಸಿದರೆ ಜಗಳವಾಡುವುದಿಲ್ಲ. ನಿಜವೆಂದೇ ಒಪ್ಪಿಕೊಂಡು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡುತ್ತೇವೆ. ಪತ್ರಿಕೆ ನಿಜ ಎಂದುಕೊಳ್ಳಿ. ಜೂನ್ ೬ಕ್ಕೆ ಮದುವೆಯಾಗುವವಳು ಎಂ.ಎಸ್ಸಿ. ಆಗಿರಬೇಕು. ಆಗಿರಬೇಕಾದರೆ ಜೂನ್ ೬ಕ್ಕೆ ಪರೀಕ್ಷೆ ಬರೆದಿರಬೇಕು. ಬರೆದರೆ ಮಂಟಪದಲ್ಲಿರುವುದಿಲ್ಲ. ಅಂದರೆ ಪತ್ರಿಕೆ ತನ್ನನ್ನು ತಾನೇ ಸುಳ್ಳು ಮಾಡಿಕೊಳ್ಳುತ್ತದೆ. ಇಷ್ಟೇ ನಮ್ಮ ವಿದ್ಯೆ. ಇದರಿಂದ ಏನಾಗುತ್ತದೆ ಎಂದು ಕೇಳಿದ್ದಿರಿ, ಇದಾಗುತ್ತದೆ.

ಹೆಸರಿನ ಮುಂದೆ ಅಚ್ಚು ಹಾಕಿಸಿಕೊಂಡವರು ಅದಕ್ಕೆ ತಕ್ಕ ಪರೀಕ್ಷೆ ಪಾಸಾಗಿರಬೇಕು. ಇಲ್ಲವಾದರೆ ದೇವರ ಮುಂದೆ ಓದಬಾರದು. ನನ್ನ ಗೌರವಕ್ಕೆ ಹಾಕಿಸಿದ್ದರೆ ನನ್ನ ಗೌರವ ಉಳಿಸಿಕೊಳ್ಳಲು ಬಿಡಿ.

ಕೊನೆಯ ಮಾತು. ಜೂನ್ ೬ಕ್ಕೆ ನಿಮ್ಮ ಮಂಟಪ ಖಾಲಿ ಇದ್ದರೂ ಇರಬಹುದು, ಪರೀಕ್ಷೆಯ ಹಾಲಿನಲ್ಲಿ ನನ್ನ ಬೆಂಚು ಖಾಲಿ ಇರುವುದಿಲ್ಲ.

ಪೂಜಾ


ದಾವಣಗೆರೆ
೮ ಮೇ ೨೦೨೫

ಪೂಜಾಳಿಗೆ,

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಮಕ್ತುಮ್ ಸಾಬನಿಗೆ ಮಜ್ಜಿಗೆ ಕೊಟ್ಟೂ ಕೊಟ್ಟೂ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಉಕ್ಕಡಗಾತ್ರಿಗೆ ಹೋಗಿದ್ದೆವು. ವಿಪರೀತ ಜನ. ನನ್ನ ಮೊಣಕಾಲು ಬೇರೆ ನೋವು. ಪತ್ರಿಕೆಗೆ ಅರಿಶಿನ ಹಚ್ಚಿಕೊಂಡು ಹೋಗಿದ್ದೆ. ಸಾಲಿನಲ್ಲಿ ನಿಂತು ಗದ್ದುಗೆಯ ಹತ್ತಿರ ಬಂದಾಗ ನಿನ್ನ ಮಾವನವರು "ಓದು" ಅಂದರು. ಕನ್ನಡಕ ಮರೆತು ಬಂದೀನಿ ಅಂದೆ. ಕನ್ನಡಕ ಸೆರಗಿನ ಗಂಟಿನಲ್ಲೇ ಇತ್ತು. ಪತ್ರಿಕೆಯನ್ನು ಹಾಗೇ ವಾಪಸ್ ತಂದೆ.

ಈಗ ನೇರವಾಗಿ ಕೇಳುತ್ತೇನೆ. ನಿನಗೆ ಹೇಳಿದವರು ಯಾರು? "ಅಚ್ಚು ಹಾಕಿಸಿಕೊಂಡವರು ಪಾಸಾಗಿರಬೇಕು" ಎಂದು ಚುಚ್ಚಿ ಬರೆದಿದ್ದೀಯಲ್ಲ, ಅಷ್ಟು ತಿಳಿಯದವಳಲ್ಲ ನಾನು. ನಮ್ಮ ಅಂಗಡಿಯ ಹಿದಾಯತ್ ಹೇಳಿದನೋ, ಆನಗೋಡಿನ ನಮ್ಮ ನೆಗೆಣ್ಣಿ ಹೇಳಿದಳೋ? ಯಾರೇ ಇರಲಿ, ಬೆಂಕಿಗೆ ತುಪ್ಪ ಹಾಕಿದ್ದಾರೆ. ಬಕ್ಕೇಶ ದಡ್ಡನಲ್ಲ. ಬಿ.ಕಾಂ.ನಲ್ಲಿ ಎರಡೇ ಎರಡು ಸಬ್ಜೆಕ್ಟು ಉಳಿದವು. ಅಷ್ಟರಲ್ಲಿ ಅವರಪ್ಪನಿಗೆ ಹುಷಾರಿಲ್ಲದಂತಾಯಿತು, ಅಂಗಡಿಯಲ್ಲಿ ಕೂತ, ಪರೀಕ್ಷೆ ಹಾಗೇ ನಿಂತಿತು. ಕಾಲೇಜಿಗೆ ಹೋಗಿದ್ದಂತೂ ಸುಳ್ಳಲ್ಲ. ಅದನ್ನು ಹಿಡಿದು ಮದುವೆ ಮುರಿಯುವ ಹುಡುಗಿ ನೀನಾಗಿದ್ದರೆ ಈಗಲೇ ಹೇಳಿಬಿಡು.

ಕಸ್ತೂರಮ್ಮ


ಹರಿಹರ
೧೦ ಮೇ ೨೦೨೫

ಕಸ್ತೂರಮ್ಮನವರಿಗೆ,

ನನಗೆ ಯಾರೂ ಏನೂ ಹೇಳಿರಲಿಲ್ಲ. ನೀವು ಬರೆದದ್ದನ್ನು ಓದಿದ ಮೇಲೆಯೇ ನನಗೆ ಗೊತ್ತಾದದ್ದು. ನಾನು ಬರೆದದ್ದು ನನ್ನೊಬ್ಬಳ ಎಂ.ಎಸ್ಸಿ. ಬಗ್ಗೆ. ಕುಂಬಳಕಾಯಿ ಕಳ್ಳ ಎಂದರೆ ನೀವೇ ಹೆಗಲು ಮುಟ್ಟಿ ನೋಡಿಕೊಂಡಿದ್ದೀರಿ.

ಓದಿ ಮೊದಲು ನಕ್ಕೆ. ಆಮೇಲೆ ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಅವ್ವ ಬಡಿಸಿದ ರೊಟ್ಟಿ ಹಾಗೇ ಬಿಟ್ಟು ಎದ್ದೆ. ಫೇಲಾದದ್ದಕ್ಕೆ ಅಲ್ಲ. ನಾನೂ ಮೊದಲ ಸೆಮಿಸ್ಟರಿನಲ್ಲಿ ಆಲ್ಜಿಬ್ರಾದಲ್ಲಿ ಫೇಲಾಗಿದ್ದೇನೆ, ಇನ್ನೊಮ್ಮೆ ಬರೆದು ಪಾಸಾದೆ. ನೀವು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ನನ್ನ ಸಿಟ್ಟು ಬೇರೆ. ಇಬ್ಬರ ಪರೀಕ್ಷೆಯೂ ಬಾಕಿ ಇದೆ. ಇಬ್ಬರ ಹೆಸರಿನ ಮುಂದೆಯೂ ಸುಳ್ಳು ಅಚ್ಚಾಗಿದೆ. ಆದರೆ ಅವರ ಸುಳ್ಳನ್ನು ಮುಚ್ಚಲು ನನ್ನ ನಿಜವನ್ನೂ ಸುಳ್ಳು ಮಾಡಬೇಕೇ? ಬರೆಯಬಲ್ಲವಳು ಬರೆಯಬಾರದು, ಬರೆಯದವರು ಬರೆದಂತೆ ಇರಬೇಕು, ಇದು ಯಾವ ನ್ಯಾಯ?

ನಮ್ಮಪ್ಪನಿಗೂ ಪತ್ರ ತೋರಿಸಿದೆ. ಎರಡು ಸಲ ಓದಿದರು. "ಮದುವಿ ಮುರೀತು ಅಂದ್ರ ಊರಾಗ ತಲೆ ಎತ್ತೋದು ಹೆಂಗೆ ಪೂಜಾ?" ಅಂದರು. "ಅಪ್ಪಾ, ಸುಳ್ಳು ಹೇಳ್ದೋರು ತಲೆ ಎತ್ಕಂಡು ಅಡ್ಡಾಡಾಕ ಹತ್ಯಾರ, ನಾವ್ಯಾಕ ತಗ್ಸಾನ?" ಅಂದೆ. ಈ ಪತ್ರವನ್ನು ಮಕ್ತುಮ್ ಸಾಬನ ಕೈಗೆ ತಾವೇ ಕೊಟ್ಟು ಕಳಿಸುತ್ತೇನೆಂದರು ಅಪ್ಪ.

ನನ್ನ ಮಾತು ಇದು. ಬಕ್ಕೇಶ್ ಅವರು ತಾವೇ ಹರಿಹರಕ್ಕೆ ಬಂದು ನನ್ನೆದುರು ಕೂತು ಈ ವಿಷಯ ಹೇಳಲಿ. ಅವ್ವನ ಕೈಯಲ್ಲಿ ಹೇಳಿಸಬಾರದು. ಈ ಪತ್ರಿಕೆ ಒಬ್ಬರ ಮನೆಗೂ ಹೋಗಬಾರದು. ನನ್ನ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗೆ ಮುಹೂರ್ತದ ಮಾತೇ ಬೇಡ. ಇದಕ್ಕೆ ಒಪ್ಪದಿದ್ದರೆ ನಿಶ್ಚಿತಾರ್ಥದ ಉಂಗುರ ಇದೇ ಗೂಡ್ಸ್ ಆಟೋದಲ್ಲಿ ವಾಪಸ್ ಬರುತ್ತದೆ. ಮಜ್ಜಿಗೆ ಕೊಡುವ ಅಗತ್ಯವಿಲ್ಲ.

ಪೂಜಾ


ದಾವಣಗೆರೆ
೧೯ ಮೇ ೨೦೨೫

ಪೂಜಾಳಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ಮೂರು ದಿನ ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಇಂಥ ಮಾತು ನನಗೆ ಯಾರೂ ಬರೆದಿರಲಿಲ್ಲ. ಬಾಯಿಬಡಕಿ ಎಂದು ಬೈದುಕೊಂಡೆ. ಆಮೇಲೆ ಪತ್ರವನ್ನು ಬಕ್ಕೇಶನ ಕೈಗೆ ಕೊಟ್ಟೆ. ಓದಿದ, ಮಡಚಿ ಕೊಟ್ಟ, ಬೈಕು ತೆಗೆದುಕೊಂಡು ಹೋದ. ಅಂಗಡಿಗೆ ಹೋದನೆಂದುಕೊಂಡೆ. ಸಂಜೆ ಬಂದು, "ಹರಿಹರಕ್ಕೆ ಹೋಗಿದ್ನೆವ್ವಾ. ಎಲ್ಲಾ ಹೇಳಿ ಬಂದೆ" ಅಂದ. ಏನಂದಳೋ ಎಂದು ಕೇಳಿದೆ. "ಯಾವ ಸಬ್ಜೆಕ್ಟು ಅಂತ ಕೇಳಿದ್ಳು" ಅಂದ. ಅಷ್ಟು ಹೇಳಿ ಊಟ ಮಾಡಿದ. ಎಷ್ಟೋ ದಿನದ ಮೇಲೆ ಕೇಳಿ ಕೇಳಿ ಬಡಿಸಿಕೊಂಡ.

ಈಗ ನಾನು ಹೇಳದೇ ಇದ್ದದ್ದು. ಮುಹೂರ್ತ ಜೂನ್ ೬ ಎಂದು ಗುರುಗಳು ತಾವಾಗಿ ಹೇಳಲಿಲ್ಲ. ಆದಷ್ಟು ಬೇಗ ಯಾವುದಿದೆ ನೋಡಿರಿ ಎಂದು ಕೇಳಿದವಳು ನಾನೇ. ಡಿಗ್ರಿ ಕೈಗೆ ಬಂದ ಮೇಲೆ ನೀನು ನನ್ನ ಮಗನನ್ನು ಕೀಳಾಗಿ ನೋಡೀಯ, ಅವನ ಬಿ.ಕಾಂ. ಕತೆ ಗೊತ್ತಾದರೆ ಬಿಟ್ಟೇ ಹೋದೀಯ ಎಂಬ ಹೆದರಿಕೆ. ತಾಳಿ ಕಟ್ಟಿದ ಮೇಲೆ ಗೊತ್ತಾದರೆ ಎಲ್ಲಿಗೆ ಹೋಗುತ್ತೀಯ ಎಂದುಕೊಂಡಿದ್ದೆ. ಹೆಣ್ಣಾಗಿ ಇನ್ನೊಂದು ಹೆಣ್ಣಿಗೆ ಹೀಗೆ ಲೆಕ್ಕ ಹಾಕಿದ್ದೆ ನೋಡು.

ಮೊನ್ನೆ ಟ್ರಂಕು ತೆಗೆದು ನನ್ನ ಲಗ್ನಪತ್ರಿಕೆ ಹುಡುಕಿದೆ. ಅರಿಶಿನ ಮಾಸಿದೆ, ಅಕ್ಷರ ಹಾಗೇ ಇವೆ. ನನ್ನ ಹೆಸರಿನ ಮುಂದೆ ಏನೂ ಇಲ್ಲ. ನಾನು ಪಿ.ಯು.ಸಿ. ಫಸ್ಟ್ ಕ್ಲಾಸು ಕಣೇ. ನಮ್ಮಪ್ಪ ಪ್ರೆಸ್ಸಿಗೆ ಬರೆದು ಕೊಟ್ಟಾಗ ಪಿ.ಯು.ಸಿ. ಎಂದೇ ಕೊಟ್ಟಿದ್ದ. ನಿನ್ನ ಮಾವನವರು ಎಸ್ಸೆಸ್ಸೆಲ್ಸಿ. ನಮ್ಮ ಮಾವ ಪ್ರೆಸ್ಸಿಗೇ ಹೋಗಿ, "ಹುಡುಗನಿಗಿಂತ ಹುಡುಗಿ ಮುಂದೆ ಕಾಣಬಾರದು" ಎಂದು ಅದನ್ನು ತೆಗೆಸಿದರು. ಅವತ್ತು ನನಗೆ ಅಳು ಬಂದಿತ್ತು. ನಾಲ್ಕು ಜನ ಸಮಾಧಾನ ಮಾಡಿದರು, ಪತ್ರಿಕೆಯನ್ನು ಯಾರು ನೋಡುತ್ತಾರೆ ಬಿಡು ಎಂದರು. ನಾನು ನೋಡುತ್ತಿದ್ದೆನಲ್ಲ. ನನ್ನದಿದ್ದದ್ದನ್ನು ತೆಗೆಸಿದರು. ನಿನ್ನದಾಗುವುದನ್ನು ಆಗದಂತೆ ಮಾಡಲು ಹೊರಟಿದ್ದೆ ನಾನು.

ನಿನ್ನೆ ನಿನ್ನ ಮಾವನವರಿಗೆ ಹೇಳಿದೆ. "ಮುಹೂರ್ತ ಬ್ಯಾಡ. ಹುಡುಗಿ ಪರೀಕ್ಷೆ ಬರೀಲಿ" ಅಂದೆ. ಮಂಟಪ, ಅಡಿಗೆಯವರು, ಬೀಗರು ಎಂದು ಕೂಗಾಡಿದರು. "ಹಂಗಾರ ಅಜ್ಜಯ್ಯನ ಮುಂದೆ ನೀವೇ ಓದ್ರಿ ಆ ಪತ್ರಿಕೆ, ಬಿ.ಕಾಂ. ಅನ್ನೋದು ಬಂದಾಗ ಗಟ್ಟಿಯಾಗಿ ಓದ್ರಿ" ಅಂದೆ. ಎದ್ದು ಅಂಗಡಿಗೆ ಹೋದರು. ಮಂಟಪದವರಿಗೆ ಬೇಡವೆಂದು ನಾನೇ ಫೋನ್ ಮಾಡಿದೆ.

ಅಚ್ಚಾದ ಪತ್ರಿಕೆಗಳನ್ನೆಲ್ಲ ಕಟ್ಟು ಕಟ್ಟಿ ಮಕ್ತುಮ್ ಸಾಬನ ಕೈಯಲ್ಲಿ ಕಳಿಸಿದ್ದೇನೆ. ಒಳ್ಳೆಯ ಕಾಗದ, ಹಿಂಬದಿ ಪೂರಾ ಖಾಲಿ. ನಿನ್ನ ಲೆಕ್ಕ ಬಿಡಿಸಿಕೊ. ಜೊತೆಗೆ ಒಂದು ಡಬ್ಬಿ ಕೋಡುಬಳೆ ಇದೆ. ಕಪ್ಪು ಎಂದುಕೊಂಡು ಚಾ ಸುರಿಯಬೇಡ.

ಕಸ್ತೂರಮ್ಮ


ಹರಿಹರ
೬ ಜೂನ್ ೨೦೨೫, ಶುಕ್ರವಾರ

ಕಸ್ತೂರಮ್ಮನವರಿಗೆ ನಮಸ್ಕಾರಗಳು.

ಕಾಗದ ತಿರುಗಿಸಿ ನೋಡಿದರೆ ಗಣಪತಿ ಕಾಣುತ್ತಾನೆ. ನನ್ನದೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಎರಡು ವಾರದಿಂದ ಇದರಲ್ಲೇ ಓದಿದ್ದು. ಮನೆ ತುಂಬ ಒಂದು ಕಡೆ ಮುಹೂರ್ತ, ಇನ್ನೊಂದು ಕಡೆ ಥಿಯರಮ್ಮು. ಅವ್ವ ಗುಡಿಸುವಾಗ, "ನಿನ್ನ ಮದುವಿ ಕಾಲಿಗೆ ತೊಡರ್ತಾ ಐತೆ, ಎತ್ತಿಡು" ಎನ್ನುತ್ತಾಳೆ.

ಟೊಪಾಲಜಿ ಬರೆದು ಈಗ ಬಂದೆ. ಚೆನ್ನಾಗಿ ಬರೆದಿದ್ದೇನೆ. ಹಾಲಿನ ಬಾಗಿಲಲ್ಲಿ ನನ್ನ ಗೆಳತಿ ಕೀರ್ತನಾ, "ಏನಮ್ಮಾ ಮದುಮಗಳೇ, ತಲೆಗೆ ಹೂವಿನ ದಂಡಿ ಎಲ್ಲಿ?" ಎಂದು ರೇಗಿಸಿದಳು. ಪ್ರಶ್ನೆಗಳಲ್ಲಿ ಮುಳುಗಿ ಎಲ್ಲ ಮರೆತಿದ್ದೆ. ಮೂರನೆಯ ಪ್ರಶ್ನೆಯ ನಡುವೆ ಉತ್ತರ ಪತ್ರಿಕೆ ತುಂಬಿಹೋಯಿತು. ಅಡಿಷನಲ್ ಶೀಟ್ ಕೇಳಲು ಎದ್ದು ನಿಂತೆ, ಎದುರಿನ ಗಡಿಯಾರ ಕಣ್ಣಿಗೆ ಬಿತ್ತು. ಸರಿಯಾಗಿ ಹನ್ನೊಂದೂವರೆ. ಮೇಡಂ ಬಂದು ಶೀಟ್ ಕೊಟ್ಟರು, ಎರಡೂ ಕೈಯಲ್ಲಿ ತೆಗೆದುಕೊಂಡೆ. ಯಾಕೆ ನಗ್ತೀಯ ಎಂದು ಅವರು ಕೇಳಿದರು. ಏನಿಲ್ಲ ಮೇಡಂ ಅಂದೆ.

ಬಕ್ಕೇಶ್ ಅವರ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವತ್ತು ಬಂದಾಗ ಕಿವಿ ಕೆಂಪಾಗಿತ್ತು, ಬೆವರುತ್ತಿದ್ದರು. "ಅವ್ವ ಹಾಕ್ಸಿದ್ಳು, ನಾ ಸುಮ್ನಿದ್ದೆ. ಸುಮ್ನಿದ್ದಿದ್ದು ನಂದೇ ತಪ್ಪು" ಎಂದರು. ನನಗೆ ಅಷ್ಟು ಸಾಕು. ನಿಮ್ಮ ಮೇಲೆ ಹಾಕದೆ ತಮ್ಮ ಮೇಲೆ ಹಾಕಿಕೊಂಡರಲ್ಲ, ಅದು ಸೇರಿತು. ಉಂಗುರ ಕೈಯಲ್ಲೇ ಇದೆ. ಆದರೆ ಹೊಸ ಪತ್ರಿಕೆ ಫಲಿತಾಂಶ ಬಂದ ಮೇಲೆ. ನಾನು ಫೇಲಾದರೆ ನನ್ನ ಹೆಸರಿನ ಮುಂದೆಯೂ ಖಾಲಿ ಬಿಡಿ. ಖಾಲಿ ಇದ್ದರೆ ಅವಮಾನವಿಲ್ಲ, ಸುಳ್ಳಿದ್ದರೆ ಇದೆ.

ನಿಮ್ಮ ಪಿ.ಯು.ಸಿ. ಬಗ್ಗೆ ಓದಿದ ದಿನ ನಿಮ್ಮ ಮೇಲಿನ ಸಿಟ್ಟನ್ನು ಎಲ್ಲಿಡುವುದೋ ತಿಳಿಯಲಿಲ್ಲ. ನಿಮ್ಮ ಮಾವನವರು ಈಗ ಇದ್ದಿದ್ದರೆ ಅವರಿಗೂ ಒಂದು ಪತ್ರ ಬರೆಯುತ್ತಿದ್ದೆ.

ಇನ್ನೂ ಎರಡು ಪರೀಕ್ಷೆ ಇವೆ. ಕೋಡುಬಳೆ ಮುಗಿದಿವೆ, ಡಬ್ಬಿ ಕಳಿಸಿದ್ದೇನೆ. ಖಾಲಿ ಡಬ್ಬಿ ವಾಪಸ್ ಕಳಿಸಬಾರದೆಂದು ಅವ್ವ ಸಕ್ಕರೆ ತುಂಬಿದ್ದಾಳೆ.

ಪೂಜಾ


ದಾವಣಗೆರೆ
೨೨ ಅಕ್ಟೋಬರ್ ೨೦೨೫

ಶ್ರೀ ಕರಿಬಸವೇಶ್ವರ ಪ್ರಸನ್ನ

ಚಿ. ಪೂಜಾಳಿಗೆ ಆಶೀರ್ವಾದ.

ನೀನು ಪಾಸಾದ ಸುದ್ದಿ ಫೋನಿನಲ್ಲಿ ಹೇಳಿದ್ದೀಯ, ನಾನೂ ಫೋನಿನಲ್ಲಿ ಸಂತೋಷಪಟ್ಟಿದ್ದೇನೆ. ಇದನ್ನು ಮಾತ್ರ ಕಾಗದದಲ್ಲೇ ಹೇಳಬೇಕು.

ಹೊಸ ಲಗ್ನಪತ್ರಿಕೆ ಇದರ ಜೊತೆಗಿದೆ. ಅಚ್ಚಾಗುವ ಮುಂಚೆ ಪ್ರೆಸ್ಸಿಗೆ ನಾನೇ ಹೋಗಿದ್ದೆ, ಬಕ್ಕೇಶ ಬೈಕಿನಲ್ಲಿ ಕರೆದುಕೊಂಡು ಹೋದ. ಪಾಪ, ಉಳಿದಿದ್ದ ಎರಡನ್ನೂ ಕಟ್ಟಿ ಬರೆದ. ಒಂದು ಪಾಸಾಯಿತು, ಒಂದು ಮತ್ತೆ ಹೋಯಿತು. ಪ್ರೆಸ್ಸಿನವನು "ಹುಡುಗನ ಕ್ವಾಲಿಫಿಕೇಶನ್ ಏನ್ರಿ?" ಎಂದು ಕೇಳಿದ. ಇವನೇ, "ಸದ್ಯ ಏನಿಲ್ಲ, ಬರೀ ಹೆಸರು ಹಾಕ್ರಿ. ಮುಂದಿನ ಸಲ ಪಾಸಾದ್ರ ಮಗನ ನಾಮಕರಣದ ಕಾರ್ಡಿಗೆ ಹಾಕ್ಸೀವಿ" ಅಂದ. ಪ್ರೆಸ್ಸಿನವನು ನಕ್ಕ. ನನ್ನ ಮಗ ಜನರೆದುರು ಹೀಗೆ ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದೆ.

ನಿನ್ನ ಹೆಸರಿನ ಮುಂದೆ ಎಂ.ಎಸ್ಸಿ. (ಗಣಿತ) ಇದೆ. ಮೊದಲಿನದಕ್ಕಿಂತ ಒಂದು ನೂಲು ದಪ್ಪ ಅಕ್ಷರ. ಬಂಧುಗಳು ಏನಾದರೂ ಅಂದುಕೊಳ್ಳಲಿ.

ಕೆಳಗೆ, ಬರಮಾಡಿಕೊಳ್ಳುವವರ ಜಾಗ ನೋಡು. ಶ್ರೀ ಶಿವಮೂರ್ತಿ ಎಂದು ನಿನ್ನ ಮಾವನವರ ಹೆಸರಿದೆ. ಪಕ್ಕದಲ್ಲಿ ನನ್ನದಿದೆ. ಕರಡು ಮನೆಗೆ ಬಂದಾಗ ಅವರು ಕನ್ನಡಕ ಏರಿಸಿ ನೋಡಿದರು. "ಇದೇನೇ ಇದು, ಈ ವಯಸ್ನಾಗ? ಜನ ನಗ್ತಾರ" ಅಂದರು. "ನಗ್ಲಿ ಬಿಡ್ರಿ. ಖರೆ ಐತೋ ಇಲ್ಲೋ ಅಷ್ಟು ಹೇಳ್ರಿ" ಅಂದೆ. ಖರೆ ಐತೆ ಅಂದರು. ಅಷ್ಟಕ್ಕೆ ಮಾತು ಮುಗಿಯಿತು.

ನಿನ್ನೆ ದೀಪಾವಳಿ ಅಮಾವಾಸ್ಯೆ, ಉಕ್ಕಡಗಾತ್ರಿಗೆ ಹೋಗಿದ್ದೆವು. ಏಪ್ರಿಲ್‌ಗಿಂತ ಹೆಚ್ಚು ಜನ. ಗದ್ದುಗೆಯ ಮುಂದೆ ನಿಂತು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಹಿಂದಿನವರು ಬೇಗ ಬೇಗ ಎಂದು ತಳ್ಳುತ್ತಿದ್ದರು, ನಾನು ನಿಲ್ಲಿಸಲಿಲ್ಲ. ನನ್ನ ಹೆಸರಿನ ಸಾಲು ಬಂದಾಗ ಎರಡು ಸಲ ಓದಿದೆ. ಅಜ್ಜಯ್ಯನಿಗೆ ಒಂದು ಸಲ ಸಾಕಿತ್ತು. ಇನ್ನೊಂದು ನಮ್ಮ ಮಾವನವರಿಗೆ, ಎಲ್ಲಿದ್ದರೂ ಕೇಳಿಸಲಿ ಎಂದು.

ಬೇಗ ಬಾ.

ನಿನ್ನ ಅತ್ತೆ,
ಕಸ್ತೂರಮ್ಮ, ಪಿ.ಯು.ಸಿ.